ಡಬ್ಬಿಯ ಹಿಂದಿನ ಸಣ್ಣ ಅಕ್ಷರ



ಹೋದ ತಿಂಗಳು ಅರಸೀಕೆರೆಯಿಂದ ಒಬ್ಬ ಸೋದರಿಯ ಕಾಗದ ಬಂತು. ‘‘ಅಕ್ಕಾ, ಈಗ ಎಲ್ಲೆಲ್ಲೂ ಕೊಲಾಜೆನ್ ಪುಡಿ, ಕೊಲಾಜೆನ್ ಪುಡಿ ಅಂತಾರಲ್ಲ, ಅದನ್ನು ಹಾಲಿಗೆ ಹಾಕಿಕೊಂಡು ಕುಡಿದರೆ ಮುಖದ ಸುಕ್ಕು ಹೋಗುತ್ತದಂತೆ, ಮಂಡಿನೋವೂ ಕಡಿಮೆಯಾಗುತ್ತದಂತೆ. ನಿಜವೇ? ಡಬ್ಬಿಗೆ 1,600 ರೂಪಾಯಿ. ಚೀಟಿ ದುಡ್ಡು ಬಂದಿದೆ, ತರಿಸೋಣ ಅಂತಿದ್ದೇನೆ. ಇನ್ನೊಂದು ಮಾತು, ನಮ್ಮದು ಸಸ್ಯಾಹಾರಿ ಮನೆ. ಅದು ನಮಗೆ ಆಗುತ್ತದೆಯೇ?’’ ಇಷ್ಟೇ ಕಾಗದ.

ಇದಕ್ಕೆ ಉತ್ತರ ಬರೆಯುವುದು ಸುಲಭ ಅಂದುಕೊಂಡೆ. ಯಾಕೆಂದರೆ ಅಂಥದೇ ಒಂದು ಡಬ್ಬಿ ನಮ್ಮ ಅಡಿಗೆಮನೆಯ ಗೂಡಿನಲ್ಲೇ ಇತ್ತು. ನಮ್ಮ ನಾದಿನಿಯ ಮಗಳು ಸಿಂಗಪುರದಲ್ಲಿ ಕೆಲಸದಲ್ಲಿದ್ದಾಳೆ. ದೀಪಾವಳಿಗೆ ಬಂದವಳು ಅಜ್ಜಿ ಗೋಡೆ ಹಿಡಿದು ಏಳುವುದನ್ನು ನೋಡಿ ಮರುಗಿ, ‘‘ಅತ್ತೆ, ಅಜ್ಜಿಗೆ ಇದನ್ನ ದಿನಾ ಒಂದು ಚಮಚ ಹಾಲಿಗೆ ಹಾಕಿ ಕೊಡಿ, ಅಲ್ಲೆಲ್ಲ ವಯಸ್ಸಾದವರು ಇದನ್ನೇ ತಗೊಳ್ಳೋದು’’ ಎಂದು ಮೂರು ಡಬ್ಬಿ ಇಟ್ಟು ಹೋಗಿದ್ದಳು. ನಾನೂ ತಪ್ಪದೆ ಕೊಡುತ್ತಿದ್ದೆ. ಎರಡು ಡಬ್ಬಿ ಮುಗಿದು ಮೂರನೆಯದು ಅರ್ಧಕ್ಕೆ ಬಂದಿತ್ತು.

ಕಾಗದಕ್ಕೆ ಉತ್ತರ ಬರೆಯಬೇಕಲ್ಲ ಎಂದು ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಮೊದಲ ಸಲ ಹಿಂದೆ ತಿರುಗಿಸಿದೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಒಳಗಿರುವ ವಸ್ತು: ‘ಫಿಶ್ ಕೊಲಾಜೆನ್ ಪೆಪ್ಟೈಡ್’. ಫಿಶ್. ಮೀನು!

ನಮ್ಮ ಅತ್ತೆಗೆ 76 ವರ್ಷ. ಏಕಾದಶಿ ತಪ್ಪಿಸಿದವರಲ್ಲ, ಈರುಳ್ಳಿ ಬೆಳ್ಳುಳ್ಳಿ ಮುಟ್ಟಿದವರಲ್ಲ. ಅವರಿಗೆ ಮೂರು ತಿಂಗಳು ನನ್ನ ಕೈಯಾರೆ ಹಾಲಿನಲ್ಲಿ ಕಲಸಿ ಕೊಟ್ಟಿದ್ದೇನೆ. ಕೈಕಾಲು ತಣ್ಣಗಾಯಿತು. ಆ ದಿನ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟು ‘‘ಪುಡಿ ಮುಗೀತು ಅತ್ತೆ’’ ಎಂದು ಸುಳ್ಳು ಹೇಳಿದೆ. ಹೇಳುವುದೋ ಬಿಡುವುದೋ ಎಂಬುದು ಆಮೇಲಿನ ಮಾತು, ಮೊದಲು ಇದು ಏನು, ಎಲ್ಲಿಂದ ಬರುತ್ತದೆ ಎಂಬುದನ್ನಾದರೂ ತಿಳಿಯೋಣ ಎಂದು ಕುಳಿತೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಕೊಲಾಜೆನ್ ಎಂದರೇನು?

ನಮ್ಮ ಚರ್ಮ, ಮೂಳೆ, ಕೀಲು, ಸ್ನಾಯುವನ್ನು ಮೂಳೆಗೆ ಕಟ್ಟುವ ನರದಂಥ ಪಟ್ಟಿ, ಇವನ್ನೆಲ್ಲ ಹಿಡಿದಿಟ್ಟಿರುವ ಪ್ರೋಟೀನಿಗೆ ಕೊಲಾಜೆನ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಕೊಲ್ಲಾ’ ಎಂದರೆ ಅಂಟು. ಹಿಂದೆ ಬಡಗಿಗಳು ಒಲೆಯ ಮೇಲೆ ಕಾಯಿಸಿ ಮರಕ್ಕೆ ಹಚ್ಚುತ್ತಿದ್ದ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ಅಂಟಿತ್ತಲ್ಲ, ಅದು ಇದೇ ವಸ್ತು. ದನ ಎಮ್ಮೆಗಳ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ನಮ್ಮ ಮೈಯಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗದಿಂದ ಮೂರನೇ ಒಂದು ಭಾಗ ಕೊಲಾಜೆನ್ನೇ. ವಯಸ್ಸಾದಂತೆ ಹೊಸದು ಹುಟ್ಟುವುದು ಕಡಿಮೆಯಾಗುತ್ತದೆ. ಚರ್ಮ ಸಡಿಲವಾಗುತ್ತದೆ, ಸುಕ್ಕು ಬೀಳುತ್ತದೆ. ಇದು ಪ್ರಕೃತಿ.

ಇದರ ರಚನೆಯನ್ನು ಕಂಡುಹಿಡಿದವರು ನಮ್ಮವರೇ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ, ಗೋಪಿನಾಥ್ ಕರ್ತಾ ಅವರೊಂದಿಗೆ ಸೇರಿ 1954ರಲ್ಲಿ ಕೊಲಾಜೆನ್ ಮೂರೆಳೆಯ ಹುರಿ ಎಂದು ತೋರಿಸಿದರು. ಮೂರೆಳೆ ಸೇರಿಸಿ ಹಗ್ಗ ಹೊಸೆಯುತ್ತೇವಲ್ಲ, ಹಾಗೆ. ಆಮೇಲೆ ಅವರು ಬೆಂಗಳೂರಿಗೇ ಮರಳಿ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇಂಥ ಸಂಶೋಧನೆಗಾಗಿಯೇ ಒಂದು ವಿಭಾಗ ಕಟ್ಟಿದರು.

ಇನ್ನು ಪುಡಿಯ ಕಥೆ. ಪ್ರಾಣಿಯ ಚರ್ಮ, ಮೂಳೆ, ಮೀನಿನ ಚರ್ಮ ಮತ್ತು ಹುರುಪೆಯನ್ನು ಶುದ್ಧಮಾಡಿ ಬಿಸಿನೀರಿನಲ್ಲಿ ಬೇಯಿಸಿದರೆ ಮೂರೆಳೆಯ ಹುರಿ ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಬೇಕರಿಯ ಜೆಲ್ಲಿ, ಔಷಧದ ಕ್ಯಾಪ್ಸೂಲಿನ ಸಿಪ್ಪೆ ಸಾಮಾನ್ಯವಾಗಿ ಇದರಿಂದಲೇ. ಅದನ್ನು ಕಿಣ್ವಗಳಿಂದ ಇನ್ನೂ ಚೂರುಚೂರು ಮಾಡಿದರೆ ಪೆಪ್ಟೈಡ್. ಇದು ಜೆಲ್ಲಿಯಂತೆ ಗಟ್ಟಿಯಾಗುವುದಿಲ್ಲ, ತಣ್ಣೀರಿನಲ್ಲೂ ಕರಗುತ್ತದೆ, ರುಚಿಯೂ ಗೊತ್ತಾಗುವುದಿಲ್ಲ. ಅದಕ್ಕೇ ಕಾಫಿ, ಹಾಲು, ಹಣ್ಣಿನ ರಸ ಯಾವುದಕ್ಕೆ ಬೇಕಾದರೂ ಬೆರೆಸುತ್ತಾರೆ.

ಇಲ್ಲೊಂದು ಮಾತು ನೆನಪಿಡಿ. ಗಿಡಮರಗಳಲ್ಲಿ ಕೊಲಾಜೆನ್ ಇಲ್ಲ. ನಾವು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ ಬಂದದ್ದು, ಅದು ಸಸ್ಯಾಹಾರವೇ. ಆದರೆ ಅದರಲ್ಲಿ ಕೊಲಾಜೆನ್ ಇರುವುದಿಲ್ಲ. ‘ವೀಗನ್ ಕೊಲಾಜೆನ್’ ಎಂದು ಮಾರುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಿ ಜೀವಸತ್ವ, ಅಮೈನೋ ಆಮ್ಲ, ಗಿಡಮೂಲಿಕೆಗಳ ಸಾರ. ಮೈ ತಾನೇ ಕೊಲಾಜೆನ್ ಮಾಡಿಕೊಳ್ಳಲು ನೆರವಾಗಲಿ ಎಂದು ಕೊಡುವ ವಸ್ತುಗಳು ಅಷ್ಟೆ.

ಜಪಾನಿನಿಂದ ಹೊರಟ ಗಾಳಿ

ಬಾಣಲೆಯ ತಳದ ಅಂಟು ಸೌಂದರ್ಯದ ಪುಡಿಯಾದ ಕಥೆಯಲ್ಲಿ ಜಪಾನಿನದು ದೊಡ್ಡ ಪಾಲು. ಒಸಾಕಾ ನಗರದ ನಿಟ್ಟಾ ಕಂಪನಿ 1918ರಿಂದ ಅಂಟು ಮತ್ತು ಜೆಲಾಟಿನ್ ವ್ಯಾಪಾರದಲ್ಲಿದೆ. ಅಲ್ಲಿ ಕೋಳಿ, ಹಂದಿ, ಮೀನಿನ ಚರ್ಮ ಹಾಕಿ ಕುದಿಸುವ ‘ಕೊಲಾಜೆನ್ ಸಾರು’ ಹೋಟೆಲುಗಳಲ್ಲಿ ಹೆಂಗಸರ ಅಚ್ಚುಮೆಚ್ಚಾಯಿತು. 2001ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಮೊದಲ ಸಲ ಹುಚ್ಚು ಹಸುವಿನ ರೋಗ ಕಾಣಿಸಿಕೊಂಡಾಗ ಜನ ದನದ ಪದಾರ್ಥಕ್ಕೆ ಹೆದರಿದರು. ಕಂಪನಿಗಳು ಹಂದಿ ಮತ್ತು ಮೀನಿನ ಕಡೆ ತಿರುಗಿದವು. ಮಾರನೆಯ ವರ್ಷ, 2002ರಲ್ಲಿ, ಚಾಕೊಲೇಟಿಗೆ ಹೆಸರಾದ ಮೆಯ್ಜಿ ಕಂಪನಿ ‘ಅಮೈನೋ ಕೊಲಾಜೆನ್’ ಎಂಬ ಪುಡಿಯನ್ನು ಪೇಟೆಗೆ ಬಿಟ್ಟಿತು. ಔಷಧದಂಗಡಿಯಲ್ಲಿ ಹೋಗಿ ಹಾಲಿನ ಪುಡಿ ತಂದಷ್ಟೇ ಸಹಜವಾಗಿ ಹೆಂಗಸರು ಇದನ್ನು ತರಲು ಶುರುಮಾಡಿದರು.

2015ರಲ್ಲಿ ಜಪಾನ್ ಸರಕಾರ ಹೊಸ ನಿಯಮ ತಂದಿತು. ಕಂಪನಿ ತನ್ನ ಆಧಾರಗಳನ್ನು ಸರಕಾರಕ್ಕೆ ಒಪ್ಪಿಸಿ, ‘ಚರ್ಮದ ತೇವ ಕಾಪಾಡುತ್ತದೆ’ ಎಂಬಂಥ ಮಾತನ್ನು ತನ್ನ ಹೊಣೆಯ ಮೇಲೆ ಡಬ್ಬಿಯಲ್ಲಿ ಅಚ್ಚು ಹಾಕಿಸಬಹುದು. ಸರಕಾರ ಒಂದೊಂದನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿದೆ ಎಂದು ಅರ್ಥವಲ್ಲ. ನಮ್ಮಂಥವರು ‘ಜಪಾನಿನಲ್ಲೇ ಒಪ್ಪಿದ್ದಾರಂತೆ’ ಎಂದು ನಂಬುವುದು ಇಲ್ಲಿಯೇ.

ಕೊರಿಯಾದಲ್ಲಿ ಹಂದಿಕಾಲು, ಕೋಳಿಕಾಲು ತಿಂದರೆ ಚರ್ಮ ನುಣುಪಾಗುತ್ತದೆಂಬ ನಂಬಿಕೆ ಮೊದಲೇ ಇತ್ತು. ಅದರ ಮೇಲೆ ಈಗ ಬೆರಳುದ್ದದ ಪೊಟ್ಟಣ, ಜೆಲ್ಲಿ, ಪುಟ್ಟ ಶೀಷೆ ಎಲ್ಲ ಬಂದಿವೆ. ಚೀಲದಲ್ಲಿಟ್ಟುಕೊಂಡು ಹೋಗಿ ಕಛೇರಿಯಲ್ಲಿ ಹರಿದು ಬಾಯಿಗೆ ಹಾಕಿಕೊಳ್ಳುವುದು. ನಡುವಯಸ್ಸಿನವರಿಗೆಂದು ಹುಟ್ಟಿದ ವಸ್ತುವನ್ನು ಇಪ್ಪತ್ತು ದಾಟಿದ ಹುಡುಗಿಯರಿಗೂ ‘ಈಗಲೇ ಶುರುಮಾಡಿ’ ಎಂದು ಮಾರುತ್ತಾರೆ. ಸುಕ್ಕು ಬಂದವರಿಗಿಂತ ಸುಕ್ಕು ಬಂದೀತೆಂದು ಹೆದರುವವರು ಜಾಸ್ತಿ ಅಲ್ಲವೇ? ವ್ಯಾಪಾರ ಬೆಳೆಯುವ ಗುಟ್ಟು ಅದು.

ಬಾಸಾ ಮೀನಿನ ಸಿಪ್ಪೆ

ವ್ಯಾಪಾರದ ಇನ್ನೊಂದು ಗುಟ್ಟು ತಿಪ್ಪೆಯಲ್ಲಿದೆ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲಿ ಪಂಗಾಸಿಯಸ್ ಎಂಬ ಮೀನನ್ನು ಕೊಳಗಳಲ್ಲಿ ಸಾಕುತ್ತಾರೆ. ನಮ್ಮ ಊರಿನ ಹೋಟೆಲುಗಳ ಪಟ್ಟಿಯಲ್ಲಿ ‘ಬಾಸಾ’ ಎಂದು ಬರೆದಿರುತ್ತದಲ್ಲ, ಅದೇ. ಮುಳ್ಳು, ಚರ್ಮ ತೆಗೆದು ಬರೀ ಮಾಂಸವನ್ನು ಹೊರದೇಶಕ್ಕೆ ಕಳಿಸುತ್ತಾರೆ. ಉಳಿದ ಚರ್ಮ ಹಿಂದೆ ಅಗ್ಗದ ಕಸ. ಅಲ್ಲಿನ ವಿನ್ ಹೋನ್ ಎಂಬ ಕಂಪನಿ 2015ರಲ್ಲಿ ಆ ಚರ್ಮದಿಂದ ಕೊಲಾಜೆನ್ ಮತ್ತು ಜೆಲಾಟಿನ್ ತೆಗೆಯುವ ಕಾರ್ಖಾನೆಯನ್ನೇ ತೆರೆಯಿತು. ಥಾಯ್ಲೆಂಡಿನಲ್ಲಿ ಡಬ್ಬಿ ಮೀನಿನ ದೊಡ್ಡ ಕಂಪನಿ ಥಾಯ್ ಯೂನಿಯನ್ ಕೂಡ ಟ್ಯೂನಾ ಮೀನಿನ ಚರ್ಮದಿಂದ ಕೊಲಾಜೆನ್ ತೆಗೆಯುವ ಕೆಲಸಕ್ಕೆ ಇಳಿಯಿತು. ನಾವು ಹಲಸಿನ ಬೀಜವನ್ನೂ ಬಿಡದೆ ಹುಳಿಗೆ ಹಾಕುವ ಹಾಗೆ ಎನ್ನಿ. ಕಸವನ್ನು ರಸ ಮಾಡುವುದು ತಪ್ಪಲ್ಲ, ಜಾಣತನವೇ. ಆದರೆ ರಸಕ್ಕೆ ಹಾಕಿದ ಬೆಲೆ ಎಷ್ಟು ಎಂದು ಕೇಳುವುದು ನಮ್ಮ ಕೆಲಸ.

ಮೀನಿಗೇ ಯಾಕೆ ಇಷ್ಟು ಬೇಡಿಕೆ? ಇಂಡೋನೇಷ್ಯಾ, ಮಲೇಷ್ಯಾಗಳ ಮುಸಲ್ಮಾನರಿಗೆ ಹಂದಿ ನಿಷಿದ್ಧ. ಹಿಂದೂಗಳಲ್ಲಿ ಹೆಚ್ಚಿನವರಿಗೆ ಹಸು ಒಗ್ಗದು. ಮೀನಿಗೆ ಇವೆರಡು ಅಡ್ಡಿಯೂ ಇಲ್ಲ. ‘ಮರೈನ್ ಕೊಲಾಜೆನ್’ ಎಂದು ಚೆಂದದ ಹೆಸರು ಕೊಟ್ಟರೆ ಸಮುದ್ರದ ಅಲೆಯ ಚಿತ್ರ ಕಣ್ಣಿಗೆ ಬರುತ್ತದೆಯೇ ಹೊರತು ಮೀನಿನ ಹುರುಪೆ ಬರುವುದಿಲ್ಲ. ನಾನು ಮೋಸಹೋದದ್ದೂ ಹಾಗೆಯೇ. ನಮ್ಮ ಡಬ್ಬಿಯ ಮುಂಭಾಗದಲ್ಲಿದ್ದದ್ದು ಒಂದು ಗುಲಾಬಿ ಹೂವು!

ಚೀನಾದ ಕತ್ತೆ

ಎಲ್ಲಕ್ಕಿಂತ ನನ್ನ ಮನಸ್ಸು ಕಲಕಿದ್ದು ಚೀನಾದ ಸಂಗತಿ. ಅಲ್ಲಿ ‘ಅಜಿಯಾವ್’ ಎಂಬ ಹಳೆಯ ಔಷಧವಿದೆ. ಕತ್ತೆಯ ಚರ್ಮವನ್ನು ಬೇಯಿಸಿ, ಬತ್ತಿಸಿ, ಕಪ್ಪು ಬೆಲ್ಲದಚ್ಚಿನಂತೆ ಮಾಡಿದ್ದು. ಇದೂ ಕೊಲಾಜೆನ್ನಿನಿಂದ ಬಂದ ಜೆಲಾಟಿನ್ನೇ. ಬಾಣಂತಿಯರಿಗೆ, ರಕ್ತ ಕಡಿಮೆ ಇರುವ ಹೆಂಗಸರಿಗೆ ಒಳ್ಳೆಯದೆಂದು ಅಲ್ಲಿ ನೂರಾರು ವರ್ಷಗಳ ನಂಬಿಕೆ. 2011ರಲ್ಲಿ ಚೀನಾದ ಅಂತಃಪುರದ ಕಥೆಯ ಒಂದು ಟಿ.ವಿ. ಧಾರಾವಾಹಿಯಲ್ಲಿ ರಾಣಿಯರು ಇದನ್ನು ಸೇವಿಸುವುದನ್ನು ತೋರಿಸಿದ ಮೇಲೆ ಬೇಡಿಕೆ ಇನ್ನಷ್ಟು ಏರಿತು. 1990ರ ಸುಮಾರಿಗೆ ಚೀನಾದಲ್ಲಿ ಒಂದು ಕೋಟಿಗೂ ಮೀರಿ ಇದ್ದ ಕತ್ತೆಗಳು ಈಗ 20 ಲಕ್ಷಕ್ಕೂ ಕಡಿಮೆ. ತಮ್ಮಲ್ಲಿ ಸಾಲದೆ ಆಫ್ರಿಕಾದಿಂದ ಚರ್ಮ ತರಿಸತೊಡಗಿದರು.

ಅಲ್ಲಿ ಏನಾಯಿತು ಗೊತ್ತೇ? ರಾತ್ರೋರಾತ್ರಿ ಕೊಟ್ಟಿಗೆಯಿಂದ ಕತ್ತೆ ಕದಿಯುವವರು ಹುಟ್ಟಿಕೊಂಡರು. ಆಫ್ರಿಕಾದ ಹಳ್ಳಿಗಳಲ್ಲಿ ನೀರು, ಸೌದೆ, ಸಂತೆಯ ಮೂಟೆ ಹೊರುವುದು ಕತ್ತೆ. ಕತ್ತೆ ಹೋದ ಮನೆಯಲ್ಲಿ ಕೊಡ ಮತ್ತೆ ಹೆಂಗಸಿನ ತಲೆಗೆ, ಹೊರೆ ಹೆಣ್ಣುಮಗಳ ಬೆನ್ನಿಗೆ. ಒಂದು ದೇಶದ ಹೆಂಗಸರ ಮುಖದ ಕಾಂತಿಗೆ ಇನ್ನೊಂದು ದೇಶದ ಹೆಂಗಸರು ನೀರು ಹೊತ್ತ ಹಾಗಾಯಿತು. ಕೊನೆಗೆ 2024ರ ಫೆಬ್ರವರಿಯಲ್ಲಿ ಆಫ್ರಿಕಾದ ದೇಶಗಳ ಒಕ್ಕೂಟ ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು 15 ವರ್ಷ ನಿಲ್ಲಿಸಬೇಕೆಂದು ತೀರ್ಮಾನಿಸಿತು. ನಮ್ಮಲ್ಲೂ ಕತ್ತೆಗಳು ಕರಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಇದ್ದವು, 2019ರಲ್ಲಿ 1.2 ಲಕ್ಷ. ಇಲ್ಲಿ ಟೆಂಪೋ, ಆಟೋಗಳು ಬಂದು ಕತ್ತೆಯ ಕೆಲಸ ತಪ್ಪಿದ್ದೂ ಒಂದು ಕಾರಣ.

ಅದೇ ಚೀನಾದಲ್ಲಿ ಪ್ರಾಣಿಯನ್ನೇ ಮುಟ್ಟದೆ ಕೊಲಾಜೆನ್ ಮಾಡುವ ದಾರಿಯೂ ತೆರೆದಿದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ತಕ್ಕಂತೆ ತಿದ್ದಿದ ಸೂಕ್ಷ್ಮಜೀವಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ಅವುಗಳಿಂದಲೇ ಕೊಲಾಜೆನ್ ಪಡೆಯುತ್ತಾರೆ. ಇದರ ಮುಂದಾಳುಗಳಲ್ಲಿ ಒಬ್ಬರು ಒಬ್ಬ ಮಹಿಳೆ. ಶಿಯಾನ್ ನಗರದ ಪ್ರಾಧ್ಯಾಪಕಿ ಫಾನ್ ದಾಯ್ದಿ. ಅವರು ಕಟ್ಟಿದ ಜೈಂಟ್ ಬಯೋಜೀನ್ ಕಂಪನಿಯ ಷೇರುಗಳು 2022ರ ನವೆಂಬರಿನಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಬಂದವು. ಈ ಬಗೆಯದು ಹೆಚ್ಚಾಗಿ ಹೋಗುವುದು ಮುಖಕ್ಕೆ ಹಚ್ಚುವ ಮುಲಾಮು, ಪಟ್ಟಿಗಳಿಗೆ. 2025ರಲ್ಲಿ ಇಂಥ ಒಂದು ಮುಲಾಮಿನಲ್ಲಿ ಹೇಳಿದಷ್ಟು ಕೊಲಾಜೆನ್ ಇಲ್ಲ ಎಂದು ಅಲ್ಲಿ ದೊಡ್ಡ ಜಗಳವೇ ಆಯಿತು, ಕಂಪನಿ ಅದನ್ನು ಅಲ್ಲಗಳೆಯಿತು. ಹೊಸ ವಸ್ತುವಾದರೂ ಹಳೆಯ ಪ್ರಶ್ನೆ ಹೋಗಲಿಲ್ಲ ನೋಡಿ. ಡಬ್ಬಿಯ ಮೇಲೆ ಬರೆದದ್ದು ಡಬ್ಬಿಯ ಒಳಗೆ ಇದೆಯೇ?

ನಮ್ಮ ದೇಶದಲ್ಲಿ

ನಾವೇನೂ ಇದರಿಂದ ದೂರ ಉಳಿದವರಲ್ಲ. ಕೊಚ್ಚಿಯಲ್ಲಿ 1975ರಲ್ಲಿ ಕೇರಳ ಸರಕಾರದ ಕೈಗಾರಿಕಾ ನಿಗಮವೂ ಮೇಲೆ ಹೇಳಿದ ನಿಟ್ಟಾ ಕಂಪನಿಯೂ ಸೇರಿ ಕಟ್ಟಿದ ಕಾರ್ಖಾನೆ ಇದೆ. ಮೂಳೆಯ ಚೂರುಗಳನ್ನು ಆಮ್ಲದಲ್ಲಿ ನೆನೆಸಿ ಸುಣ್ಣದಂಶ ತೆಗೆದರೆ ಉಳಿಯುವ ಮೆತ್ತನೆಯ ಭಾಗಕ್ಕೆ ಆಸೀನ್ ಎಂದು ಹೆಸರು. ಅದರಿಂದ ಜೆಲಾಟಿನ್, ಕೊಲಾಜೆನ್ ಪೆಪ್ಟೈಡ್ ತಯಾರಿಸಿ ಹೊರದೇಶಗಳಿಗೂ ಕಳಿಸುತ್ತಾರೆ. 2022ರಲ್ಲಿ ಕೇರಳದಲ್ಲಿ ಇನ್ನೂ 200 ಕೋಟಿ ರೂಪಾಯಿ ಹೂಡುವುದಾಗಿ ಕಂಪನಿ ಪ್ರಕಟಿಸಿತು. ಜಬಲ್ಪುರದಲ್ಲಿ, ವಾಪಿಯಲ್ಲಿ ಹಳೆಯ ಜೆಲಾಟಿನ್ ಕಾರ್ಖಾನೆಗಳಿವೆ. ಕೊಚ್ಚಿಯಲ್ಲೇ ಇರುವ ಕೇಂದ್ರ ಸರಕಾರದ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮೀನಿನ ಹುರುಪೆಯಿಂದ ಕೊಲಾಜೆನ್ ಪೆಪ್ಟೈಡ್ ತೆಗೆಯುವ ವಿಧಾನ ರೂಪಿಸಿದೆ. ಮೀನು ಹೆಚ್ಚುವ ಹೆಂಗಸರು ಬುಟ್ಟಿಗಟ್ಟಲೆ ಎಸೆಯುವ ಹುರುಪೆಗೆ ನಾಲ್ಕು ಕಾಸು ಬಂದರೆ ಸಂತೋಷವೇ.

ಹಿಂದೆ ಇವೆಲ್ಲ ಹೆಚ್ಚಾಗಿ ಔಷಧ ಕಂಪನಿಗಳಿಗೆ, ಹೊರದೇಶಕ್ಕೆ ಹೋಗುತ್ತಿದ್ದವು. ಈಗ ಫೋನಿನಲ್ಲಿ ಗುಂಡಿ ಒತ್ತಿದರೆ ಡಬ್ಬಿ ನಮ್ಮ ಬಾಗಿಲಿಗೇ ಬರುತ್ತದೆ. ಹೊಸದಾಗಿರುವುದು ಅಷ್ಟೆ.

ಕೆಲಸ ಮಾಡುತ್ತದೆಯೇ?

ಇದೇ ಮುಖ್ಯ ಪ್ರಶ್ನೆ. ನಾವು ಕುಡಿದ ಕೊಲಾಜೆನ್ ನೇರವಾಗಿ ಕೆನ್ನೆಗೆ ಹೋಗಿ ಕೂರುವುದಿಲ್ಲ. ಬೇಳೆ, ಹಾಲಿನ ಪ್ರೋಟೀನಿನ ಹಾಗೆಯೇ ಹೊಟ್ಟೆಯಲ್ಲಿ ಚೂರಾಗಿ ಜೀರ್ಣವಾಗುತ್ತದೆ. ಆ ಚೂರುಗಳಲ್ಲಿ ಕೆಲವು ಚರ್ಮಕ್ಕೆ ‘ಇನ್ನಷ್ಟು ಕೊಲಾಜೆನ್ ಮಾಡು’ ಎಂದು ಸೂಚನೆ ಕೊಡುತ್ತವೆ ಎಂಬುದು ಮಾರುವವರ ವಾದ.

2025ರಲ್ಲಿ ಕೊರಿಯಾದ ಸಂಶೋಧಕರು ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದಿದ್ದಾರೆ. ಒಟ್ಟು 23 ಪ್ರಯೋಗಗಳನ್ನು, 1,474 ಜನರ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡಿದರು. ಎಲ್ಲವನ್ನೂ ಸೇರಿಸಿದಾಗ ಚರ್ಮದ ತೇವ, ಬಿಗಿ ಹೆಚ್ಚಿ ಸುಕ್ಕು ಕಡಿಮೆಯಾದಂತೆ ಕಂಡಿತು. ಆಮೇಲೆ ಯಾರ ದುಡ್ಡಿನಲ್ಲಿ ಪ್ರಯೋಗ ನಡೆಯಿತು ಎಂದು ಬೇರೆ ಬೇರೆ ಮಾಡಿದರು. ಕಂಪನಿಗಳ ಹಣ ಪಡೆಯದ ಪ್ರಯೋಗಗಳಲ್ಲಿ ಪ್ರಯೋಜನ ಕಾಣಲಿಲ್ಲ. ಗುಣಮಟ್ಟದಲ್ಲಿ ಮೇಲಾಗಿದ್ದ ಪ್ರಯೋಗಗಳಲ್ಲೂ ಕಾಣಲಿಲ್ಲ. ಇಷ್ಟು ದೊಡ್ಡ ಪೇಟೆಯಿರುವ ಕೊರಿಯಾದವರೇ ಹೀಗೆ ಹೇಳಿದರೆಂಬುದು ಗಮನಿಸಬೇಕಾದ ಮಾತು. ಮಂಡಿನೋವಿನ ವಿಚಾರದಲ್ಲಿ ಕೆಲವು ಅಧ್ಯಯನಗಳು ನೋವು ಸ್ವಲ್ಪ ಇಳಿದದ್ದನ್ನು ಹೇಳುತ್ತವೆ. ಆದರೆ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2011ರಲ್ಲಿ, ಕೀಲಿಗೆ ಒಳ್ಳೆಯದೆಂಬ ಮಾತಿಗೆ ಸಾಕಷ್ಟು ಆಧಾರವಿಲ್ಲ ಎಂದೇ ಹೇಳಿತು.

‘‘ನಿಮ್ಮ ಅತ್ತೆಗೆ ಗುಣ ಕಾಣಿಸಿತೇ?’’ ಎಂದು ಕೇಳುತ್ತೀರಿ. ನೋವು ಸ್ವಲ್ಪ ಕಡಿಮೆಯಾದದ್ದು ನಿಜ. ಆದರೆ ಅದೇ ಮೂರು ತಿಂಗಳು ಅವರು ಡಾಕ್ಟರು ಹೇಳಿಕೊಟ್ಟ ಕಾಲಿನ ವ್ಯಾಯಾಮವನ್ನೂ ಬೆಳಿಗ್ಗೆ ಸಂಜೆ ಮಾಡುತ್ತಿದ್ದರು. ಪುಡಿ ನಿಲ್ಲಿಸಿ ಆರು ವಾರವಾಯಿತು. ವ್ಯಾಯಾಮ ನಿಲ್ಲಿಸಿಲ್ಲ. ನೋವು ಮತ್ತೆ ಏರಿಲ್ಲ.

ಅಡಿಗೆಮನೆಯ ಲೆಕ್ಕ

250 ಗ್ರಾಂ ಡಬ್ಬಿಗೆ 1,600 ರೂಪಾಯಿ ಎಂದರೆ, ದಿನಕ್ಕೆ ಹತ್ತು ಗ್ರಾಮಿನಂತೆ 25 ದಿನಕ್ಕೆ ಮುಗಿಯಿತು. ಅದರಲ್ಲಿರುವ ಪ್ರೋಟೀನು ಹೆಚ್ಚೆಂದರೆ ಕಾಲು ಕೆ.ಜಿ.ಯೊಳಗೆ. ಅದೂ ಪೂರ್ಣ ಪ್ರೋಟೀನಲ್ಲ. ನಮ್ಮ ಮೈಗೆ ಬೇಕೇಬೇಕಾದ ಟ್ರಿಪ್ಟೊಫಾನ್ ಎಂಬ ಅಂಶ ಕೊಲಾಜೆನ್ನಿನಲ್ಲಿ ಇಲ್ಲ. ಮೊಟ್ಟೆ ತಿನ್ನುವ ಮನೆಯಾದರೆ, ಮೊಟ್ಟೆಗೆ 8 ರೂಪಾಯಿಯೆಂದರೂ 200 ಮೊಟ್ಟೆ ಬಂತು. ಒಂದಕ್ಕೆ ಆರು ಗ್ರಾಮಿನಂತೆ 1,200 ಗ್ರಾಂ ಪ್ರೋಟೀನ್! ಸಸ್ಯಾಹಾರಿ ಮನೆಯಾದರೆ ಅದೇ ದುಡ್ಡಿಗೆ ಹೆಸರುಕಾಳು, ಕಡಲೆಕಾಯಿ, ಹಾಲು, ಮೊಸರು ಎಷ್ಟು ಬರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು. ಮೈ ತಾನೇ ಕೊಲಾಜೆನ್ ಹೊಸೆಯಬೇಕಾದರೆ ಸಿ ಜೀವಸತ್ವ ಬೇಕೇಬೇಕು. ಹಿಂದೆ ತಿಂಗಳುಗಟ್ಟಲೆ ಹಣ್ಣು ತರಕಾರಿ ಕಾಣದ ನಾವಿಕರ ವಸಡಿನಲ್ಲಿ ರಕ್ತ ಸೋರಿ, ಮಾಗಿದ ಗಾಯ ಮತ್ತೆ ಬಿಚ್ಚಿಕೊಳ್ಳುತ್ತಿದ್ದದ್ದು ಇದೇ ಕೊರತೆಯಿಂದ. ನಮ್ಮ ನೆಲ್ಲಿಕಾಯಿಯಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಹೆಚ್ಚು ಸಿ ಜೀವಸತ್ವ ಇದೆ. ಚರ್ಮ ಮುದುಡಿಸುವುದರಲ್ಲಿ ಬಿಸಿಲು, ಹೊಗೆಸೊಪ್ಪು, ಬೀಡಿ ಸಿಗರೇಟಿನ ಹೊಗೆಗಳ ಪಾಲು ದೊಡ್ಡದು. ಮಟಮಟ ಮಧ್ಯಾಹ್ನ ಹಪ್ಪಳ ಒಣಹಾಕಲು ಹೋಗುವಾಗ ತಲೆಗೆ, ಮುಖಕ್ಕೆ ಸೆರಗು ಎಳೆದುಕೊಂಡರೆ ಅದಕ್ಕೆ ದುಡ್ಡಿಲ್ಲ.

ಅತ್ತೆಗೆ ಹೇಳಿದೆ

ಇಷ್ಟು ತಿಳಿದುಕೊಳ್ಳುವುದರಲ್ಲಿ ಎರಡು ವಾರ ಕಳೆಯಿತು. ಮನಸ್ಸು ತಡೆಯಲಿಲ್ಲ. ಯಜಮಾನರು ‘‘ಹೇಳಬೇಡ, ಗೊತ್ತಿಲ್ಲದೆ ಆದದ್ದು, ವಯಸ್ಸಾದ ಜೀವ ಸುಮ್ಮನೆ ನೊಂದುಕೊಳ್ಳುತ್ತೆ’’ ಅಂದರು. ಆದರೂ ಒಂದು ಸಂಜೆ ದೇವರ ದೀಪ ಹಚ್ಚಿದ ಮೇಲೆ ಹತ್ತಿರ ಕೂತು ಹೇಳಿಬಿಟ್ಟೆ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘‘ನನಗೆ ಗೊತ್ತಿರಲಿಲ್ಲ ಅನ್ನೋದು ಆ ದೇವರಿಗೂ ಗೊತ್ತು. ಅದು ಹೋಗ್ಲಿ. ಆದರೆ ಇಂಗ್ಲಿಷು ಓದಕ್ಕೆ ನಿನಗೆ ಬರ್ತಿತ್ತಲ್ಲೇ. ಮೂರು ತಿಂಗಳು ದಿನಾ ಡಬ್ಬಿ ಮುಚ್ಚಳ ತೆಗೆದೆ, ಒಂದು ಸಲನಾದ್ರೂ ತಿರುಗಿಸಿ ನೋಡಬಾರದಾಗಿತ್ತಾ?’’

ನನ್ನ ಹತ್ತಿರ ಉತ್ತರವಿರಲಿಲ್ಲ. ಎರಡು ದಿನ ಅವರೇ ಹಾಲು ಕಾಯಿಸಿಕೊಂಡರು. ಸಿಂಗಪುರಕ್ಕೆ ಫೋನು ಮಾಡಿದರೆ ಮಗು ಅಳುತ್ತಾ ‘‘ಅತ್ತೆ, ಅಂಗಡಿಯವಳು ಬರೀ ಪ್ರೋಟೀನ್ ಅಂದಳು, ನಾನೂ ನೋಡಲಿಲ್ಲ’’ ಅಂದಳು. ಅವಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ನನ್ನ ಸೇವೆಯಲ್ಲೂ ಇರಲಿಲ್ಲ. ಇಬ್ಬರೂ ಓದಲಿಲ್ಲ, ಅಷ್ಟೆ.

ಮೂರನೆಯ ದಿನ ಅತ್ತೆಯೇ ಕರೆದರು. ಕೈಯಲ್ಲಿ ತಮ್ಮ ಕ್ಯಾಪ್ಸೂಲಿನ ಹಾಳೆ. ‘‘ಇದರಲ್ಲೇನಿದೆ, ಓದು’’ ಅಂದರು. ಓದಿದೆ. ‘‘ಮೇಲಿನ ಸಿಪ್ಪೆ ಜೆಲಾಟಿನ್ ಇರಬಹುದು ಅತ್ತೆ’’ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ‘‘ಇದು ಡಾಕ್ಟರು ಬೇಕು ಅಂತ ಕೊಟ್ಟಿದ್ದು. ಬೇರೆ ಥರದ್ದು ಸಿಗತ್ತಾ ಕೇಳು. ಸಿಗದಿದ್ರೆ ಇದನ್ನೇ ನುಂಗ್ತೀನಿ. ಗೊತ್ತಿದ್ದು ನುಂಗೋದು ಬೇರೆ, ಗೊತ್ತಿಲ್ಲದ ಹಾಗೆ ನುಂಗಿಸೋದು ಬೇರೆ’’ ಅಂದರು. ಡಾಕ್ಟರನ್ನು ಕೇಳಿದೆ. ಅದೇ ಔಷಧ ಮಾತ್ರೆಯ ರೂಪದಲ್ಲೂ ಇತ್ತು, ಬದಲಾಯಿಸಿ ಬರೆದುಕೊಟ್ಟರು. ಕೇಳಿದ್ದರೆ ಮೊದಲೇ ಕೊಡುತ್ತಿದ್ದರೇನೋ!

ಕೊಳ್ಳುವ ಮೊದಲು

ಅರಸೀಕೆರೆಯ ಸೋದರಿಗೆ ನನ್ನ ಉತ್ತರ ಇದು: ಚೀಟಿ ದುಡ್ಡನ್ನು ಇದಕ್ಕೆ ಹಾಕಬೇಡಿ. ಸಸ್ಯಾಹಾರಿ ಮನೆಗೆ ಇದು ಆಗುವುದಿಲ್ಲ. ಮಾಂಸಾಹಾರಿಗಳಿಗೂ ಅಷ್ಟು ಬೆಲೆ ಕೊಟ್ಟು ಕೊಳ್ಳಬೇಕಾದಷ್ಟು ಆಧಾರ ನನಗೆ ಕಾಣಲಿಲ್ಲ. ಆದರೂ ಯಾರಾದರೂ ಕೊಳ್ಳುವುದಾದರೆ, ಇಷ್ಟು ನೋಡಿಕೊಳ್ಳಿ:

1. ಯಾವ ಪ್ರಾಣಿಯದು? ‘ಮರೈನ್’ ಎಂದರೆ ಮೀನು. ‘ಬೊವೈನ್’ ಎಂದರೆ ದನ, ಎಮ್ಮೆ. ‘ಪೋರ್ಸಿನ್’ ಎಂದರೆ ಹಂದಿ.

2. ನಮ್ಮ ದೇಶದ ಡಬ್ಬಿಯಾದರೆ ಚೌಕದೊಳಗೆ ಹಸಿರು ಚುಕ್ಕೆ ಇದೆಯೋ, ಕಂದು ತ್ರಿಕೋನ ಇದೆಯೋ ನೋಡಿ. ಹಸಿರು ಸಸ್ಯಾಹಾರ, ಕಂದು ಮಾಂಸಾಹಾರ. ಹೊರದೇಶದಿಂದ ಯಾರಾದರೂ ತಂದುಕೊಟ್ಟ ಡಬ್ಬಿಯಲ್ಲಿ ಈ ಗುರುತು ಇರುವುದಿಲ್ಲ, ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

3. ಆಹಾರ ಸುರಕ್ಷತಾ ಇಲಾಖೆಯ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ?

4. ಒಂದು ಚಮಚದಲ್ಲಿ ಎಷ್ಟು ಗ್ರಾಂ ಕೊಲಾಜೆನ್, ಎಷ್ಟು ಸಕ್ಕರೆ? ಸಕ್ಕರೆ ಕಾಯಿಲೆಯವರು ಇದನ್ನು ಮರೆಯಬಾರದು.

5. ಮೀನು ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು, ಬಸುರಿ ಬಾಣಂತಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಅತ್ತೆಯ ನೆಲ್ಲಿಕಾಯಿ ತಂಬುಳಿ

ಮತ್ತೆ ನನ್ನ ಕೈಯಿಂದ ಹಾಲು ತೆಗೆದುಕೊಳ್ಳಲು ಶುರುಮಾಡಿದ ದಿನ ಅತ್ತೆಯೇ ಮಾಡಿಸಿದ್ದು ಇದು. ಕಾಯಿಸುವುದಿಲ್ಲವಾದ್ದರಿಂದ ನೆಲ್ಲಿಕಾಯಿಯ ಸತ್ವ ಹಾಳಾಗುವುದಿಲ್ಲ.

ಬೇಕಾಗುವ ಸಾಮಾನು: ಬೆಟ್ಟದ ನೆಲ್ಲಿಕಾಯಿ 4, ತೆಂಗಿನತುರಿ ಅರ್ಧ ಬಟ್ಟಲು, ಜೀರಿಗೆ ಅರ್ಧ ಚಮಚ, ಕಾಳುಮೆಣಸು 6, ಕಡೆದ ಮಜ್ಜಿಗೆ 2 ಲೋಟ, ಉಪ್ಪು. ಒಗ್ಗರಣೆಗೆ ತುಪ್ಪ, ಸಾಸಿವೆ, ಒಂದು ಒಣಮೆಣಸಿನಕಾಯಿ, ಕರಿಬೇವು.

ಮಾಡುವ ವಿಧಾನ: ನೆಲ್ಲಿಕಾಯಿಯ ಬೀಜ ತೆಗೆದು ಹೆಚ್ಚಿಕೊಳ್ಳಿ. ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಹುರಿಯಿರಿ. ತೆಂಗಿನತುರಿ, ನೆಲ್ಲಿಕಾಯಿಯೊಂದಿಗೆ ನುಣ್ಣಗೆ ರುಬ್ಬಿ. ಮಜ್ಜಿಗೆ, ಉಪ್ಪು ಬೆರೆಸಿ ಮೇಲೆ ಒಗ್ಗರಣೆ ಕೊಡಿ. ಬಿಸಿ ಅನ್ನಕ್ಕೆ ಕಲಸಿಕೊಂಡರೆ ಬಹಳ ರುಚಿ. ಜೊತೆಗೆ ಹೆಸರುಕಾಳಿನ ಉಸಲಿಯಿದ್ದರೆ ಪ್ರೋಟೀನೂ ಬಂತು.

ಅಟ್ಟದ ಮೇಲಿದ್ದ ಆ ಅರ್ಧ ಡಬ್ಬಿಯ ಪುಡಿ ತಿಪ್ಪೆಗೆ ಹೋಯಿತು. ಖಾಲಿ ಡಬ್ಬಿಯನ್ನು ಮಾತ್ರ ತೊಳೆದು, ಸಾಸಿವೆ ಹಾಕಿ ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಗುಲಾಬಿ ಹೂವು ಗೋಡೆಯ ಕಡೆಗೆ, ಸಣ್ಣ ಅಕ್ಷರ ನನ್ನ ಕಡೆಗೆ.

ನಿಮ್ಮ ಮನೆಗೂ ಇಂಥ ಡಬ್ಬಿ ಬಂದಿದ್ದರೆ ಇವತ್ತೇ ತಿರುಗಿಸಿ ನೋಡಿ, ಏನಿತ್ತೆಂದು ನನಗೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.

ನಿಮ್ಮ
ಅಕ್ಕ